ನಾಲ್ಕರಿಂದ ಅಲ್ಲ, ನಾಲ್ಕರೊಳಗೆ



ಹೋದ ತಿಂಗಳು ಅಪ್ಪನ ಜೊತೆ ಬೆಂಗಳೂರಿನ ಜಯನಗರಕ್ಕೆ ಹೋಗಿದ್ದೆ. ಒಂದು ಕಚೇರಿಗೆ ಅರ್ಜಿ ಕೊಡಬೇಕಿತ್ತು. ಬಾಗಿಲಿಗೆ ಇಂಗ್ಲಿಷ್ ಚೀಟಿ ಅಂಟಿಸಿದ್ದರು. "ಏನ್ ಬರ್ದವ್ರೆ, ಓದು ಮಗಾ" ಅಂದರು ಅಪ್ಪ. ಕೊನೆಯಲ್ಲಿ 'ಬೈ ಫೋರ್ ಪಿ.ಎಂ.' ಅಂತ ಇತ್ತು. ನನ್ನ ನೋಟ್ಸಿನಲ್ಲಿ ಬೈ ಎಂದರೆ 'ಇಂದ'. "ನಾಲ್ಕು ಗಂಟೆಯಿಂದ ತಗೋತಾರಂತೆ ಕಣಪ್ಪ" ಅಂದೆ. ಲಾಲ್‌ಬಾಗ್ ನೋಡಿಕೊಂಡು ನಾಲ್ಕೂವರೆಗೆ ಬಂದರೆ ಕಿಟಕಿ ಮುಚ್ಚಿತ್ತು. ಮಾರನೇ ದಿನ ಅಪ್ಪ ಕೂಲಿ ಬಿಟ್ಟು ಮತ್ತೆ ಹೋದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ಬೇಜಾರಾಯ್ತು.

ನಮ್ಮ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದೆ. ಅವರು ಹೀಗೆ ತಿಳಿಸಿದರು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದದ ಕೊನೆಗೆ ಅಂಟುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸದ ಪದ ಬೇರೆಯಾಗಿ ಮೊದಲೇ ಬರುತ್ತದೆ. ಅದೇ ಪ್ರಿಪೊಸಿಷನ್. ನಮ್ಮ ಒಂದು ಪ್ರತ್ಯಯಕ್ಕೆ ಅಲ್ಲಿ ಮೂರು ನಾಲ್ಕು ಪದಗಳಿವೆ.

'ಇಂದ' ನೋಡಿ:
ಬನಶಂಕರಿಯಿಂದ ಬಂದೆ – ಫ್ರಮ್ ಬನಶಂಕರಿ.
ಸೋಮವಾರದಿಂದ ಜ್ವರ – ಸಿನ್ಸ್ ಮಂಡೇ.
ಚಾಕುವಿನಿಂದ ಕೊಯ್ದೆ – ವಿತ್ ಎ ನೈಫ್.
ಕುವೆಂಪು ಅವರಿಂದ ರಚಿತ – ಬೈ ಕುವೆಂಪು.
ಆದರೆ ಗಂಟೆ ಅಥವಾ ದಿನದ ಹಿಂದೆ ಬೈ ಇದ್ದರೆ 'ಒಳಗೆ' ಎಂದು ಅರ್ಥ. ಬೈ ಫೋರ್ ಎಂದರೆ ನಾಲ್ಕರೊಳಗೆ.

ಈಗ 'ಅಲ್ಲಿ'. ಲಾಲ್‌ಬಾಗಿನ ಬಂಡೆ ಮೇಲೆ ಕೆಂಪೇಗೌಡ ಗೋಪುರ ಇದೆಯಲ್ಲ, ಅದನ್ನೇ ನೆನಪಿಡಿ.
ಬಂಡೆ ಲಾಲ್‌ಬಾಗಿನಲ್ಲಿದೆ – ಇನ್ ಲಾಲ್‌ಬಾಗ್. (ಒಳಗೆ)
ಗೋಪುರ ಬಂಡೆ ಮೇಲಿದೆ – ಆನ್ ದಿ ರಾಕ್. (ಮೇಲೆ)
ನಾವು ಗೇಟಿನಲ್ಲಿ ಕಾದೆವು – ಅಟ್ ದಿ ಗೇಟ್. (ಗುರುತಿನ ಒಂದು ಜಾಗ)
ಕಾಲಕ್ಕೂ ಇವೇ. ತಿಂಗಳಿಗೆ ಇನ್: ಇನ್ ಏಪ್ರಿಲ್. ದಿನಕ್ಕೆ ಆನ್: ಆನ್ ಮಂಡೇ. ಗಂಟೆಗೆ ಅಟ್: ಅಟ್ ಫೋರ್.

ಆದರೆ ಆನ್ ಎಂದರೆ ಯಾವಾಗಲೂ 'ಮೇಲೆ' ಅಲ್ಲ. ಬನಶಂಕರಿ ದೇವಸ್ಥಾನ 'ಆನ್ ಕನಕಪುರ ರೋಡ್' ಎನ್ನುತ್ತಾರೆ. ಹಾಗಂತ ಗುಡಿ ರಸ್ತೆ ಮೇಲೆ ಕೂತಿಲ್ಲ, ಪಕ್ಕದಲ್ಲಿದೆ!

ಆದ್ದರಿಂದ ಒಂದು ಪದಕ್ಕೆ ಒಂದೇ ಅರ್ಥ ಬರೆದುಕೊಳ್ಳಬೇಡಿ. 'ಬೈ ಬಸ್ – ಬಸ್ಸಿನಲ್ಲಿ', 'ಬೈ ಫೋರ್ – ನಾಲ್ಕರೊಳಗೆ' ಹೀಗೆ ಜೋಡಿಯಾಗಿ ಬರೆದು ಕಲಿಯಿರಿ. ಇನ್ನೊಂದು ಮಾತು. ಮನೆಯವರು ಓದು ಅಂದಾಗ ಅರ್ಥ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಪಕ್ಕದವರನ್ನು ಕೇಳಿ. ನಾನು ನಾಚಿಕೆಗೆ ಕೇಳಲಿಲ್ಲ. ಅಪ್ಪನ ಒಂದು ದಿನದ ಕೂಲಿ ಹೋಯ್ತು.

– ಏಳನೇ ತರಗತಿ