ಬಿಯರಿನ ಗುಟ್ಟು ಮಡಕಶಿರಾದ ಅಡುಗೆಮನೆಯಲ್ಲಿ!

ಒಂದು ಸವಾಲು. ತಯಾರಾಗಿ!

ಮಡಕಶಿರಾ: ಆಂಧ್ರದ ತಾಲ್ಲೂಕು, ಆದರೆ ಮೂರು ದಿಕ್ಕಿಗೂ ಕರ್ನಾಟಕ. ರಾಯದುರ್ಗ: 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಊರು. ಎರಡೂ ಕಡೆ ಕನ್ನಡ ಇಂದಿಗೂ ಮನೆಮಾತು. ಮಳೆಯೋ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ!

ಈ ಸೀಮೆಯ ಕಾಳುಗಳನ್ನು ಸಾಲಾಗಿ ನಿಲ್ಲಿಸಿ. ಜೋಳ, ಸಜ್ಜೆ, ನವಣೆ, ಕೊರಲೆ, ರಾಗಿ. ಇವುಗಳಲ್ಲಿ ಒಂದು ಕಾಳಿಗೆ ಬಿಯರ್ ಲೋಕದ ದೊರೆ ಬಾರ್ಲಿಯ ಎದುರು ತೊಡೆ ತಟ್ಟುವ ತಾಕತ್ತಿದೆ. ಯಾವುದು ಹೇಳಿ?

ಅವಸರ ಬೇಡ. ಮೊದಲು ಪಂದ್ಯ ಯಾವುದಕ್ಕೆ ಅಂತ ತಿಳಿಯಿರಿ!

ಬಿಯರ್ ಮಾಡುವವನು ತಲೆ ಕೆಡಿಸಿಕೊಳ್ಳುವ ಮೊದಲ ಪ್ರಶ್ನೆ ಹಾಪ್ಸ್ ಅಲ್ಲ, ಯೀಸ್ಟೂ ಅಲ್ಲ. ಬೇಸ್ ಮಾಲ್ಟ್! ಪೇಲ್, ಪಿಲ್ಸ್ನರ್, ವಿಯೆನ್ನಾ, ಮ್ಯೂನಿಕ್ ಎಂದು ಹೆಸರು ನೂರಿರಬಹುದು. ಮಾಡುವ ಬಗೆ ಒಂದೇ. ಬಾರ್ಲಿ ನೆನೆಸು, ಮೊಳಕೆ ಬರಿಸು, ಒಣಗಿಸು.

ಮೊಳಕೆ ಯಾಕೆ ಬೇಕು? ಇಲ್ಲೇ ಇದೆ ಸ್ವಾರಸ್ಯ! ಬಿಯರಿನ ಯೀಸ್ಟಿಗೆ ಪಿಷ್ಟ ದಕ್ಕುವುದಿಲ್ಲ. ಅದಕ್ಕೆ ಬೇಕಾದದ್ದು ಸಕ್ಕರೆ. ಕಾಳಿನಲ್ಲಿ ಇರುವುದೋ ಬಹುಪಾಲು ಪಿಷ್ಟ! ಆದರೆ ನೀರು ತಾಗಿ ಮೊಳಕೆ ಕಣ್ಣು ಬಿಟ್ಟಿತೋ, ಕಾಳಿನೊಳಗೆ ಎರಡು ಕಿಣ್ವಗಳು, ಅಂದರೆ ಎರಡು ಕತ್ತರಿಗಳು ಎಚ್ಚೆತ್ತುಕೊಳ್ಳುತ್ತವೆ. ಒಂದು ಆಲ್ಫಾ ಅಮೈಲೇಸ್. ಇನ್ನೊಂದು ಬೀಟಾ ಅಮೈಲೇಸ್. ಪಿಷ್ಟದ ಉದ್ದನೆಯ ಸರಪಳಿಯನ್ನು ಇವು ಕಚಕಚನೆ ಕತ್ತರಿಸಿ ಸಕ್ಕರೆ ಮಾಡುತ್ತವೆ. ಈ ಕತ್ತರಿಗಳು ಹರಿತವಾಗಿದ್ದರೆ ಮಾತ್ರ ಅದು ಬೇಸ್ ಮಾಲ್ಟ್!

ಈಗ ಹೇಳಿ. ಜೋಳವೇ? ಆಫ್ರಿಕಾದಲ್ಲಿ ಜೋಳದ ಬಿಯರ್ ಹೊಳೆಯಾಗಿ ಹರಿಯುತ್ತದೆ, ನಿಜ. ಆದರೆ ಜೋಳದ ಮೊಳಕೆಯಲ್ಲಿ ಬೀಟಾ ಕತ್ತರಿ ತೀರಾ ಬಡಕಲು. ನವಣೆಯೇ? ಅಲ್ಲ. ಸಜ್ಜೆಯೇ? ಅಲ್ಲ!

ರಾಗಿ! ನಮ್ಮ ಮುದ್ದೆಯ ರಾಗಿ! ಸಾವಿರ ಕಾಳು ತೂಗಿದರೂ ಮೂರು ಗ್ರಾಂ ಆಸುಪಾಸು ನಿಲ್ಲುವ ಕಾಳು! ಸಾವಿರ ಬಾರ್ಲಿ ಕಾಳು ಸುಮಾರು 40 ಗ್ರಾಂ ತೂಗುತ್ತದೆ. ಒಂದು ಕಿಲೋ ರಾಗಿಯಲ್ಲಿ ಎಷ್ಟು ಕಾಳಿರಬಹುದು, ಊಹಿಸಿ. ಮೂವತ್ತು ಸಾವಿರ? ಇಲ್ಲ. 3 ಲಕ್ಷಕ್ಕೂ ಹೆಚ್ಚು! ನೆನೆಸಿಟ್ಟರೆ ಅಷ್ಟೂ ಕತ್ತರಿ ಕಾರ್ಖಾನೆಗಳು!

ರಾಗಿಯ ಈ ತಾಕತ್ತನ್ನು ಅಳೆದು ನೋಡಿದವರು ಯಾರು? ಜರ್ಮನಿಯವರಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯವರು! ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಸಿಕಾಚಾರ್. ಉಷ್ಣವಲಯದ ಕೆಲವು ಧಾನ್ಯಗಳಿಗೆ ಮೊಳಕೆ ಬರಿಸಿ ಹೋಲಿಸಿ ನೋಡಿದ ಅವರ ಪ್ರಬಂಧ 1986ರಲ್ಲಿ ಅಚ್ಚಾದದ್ದು ಎಲ್ಲಿ ಗೊತ್ತೇ? ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಆಫ್ ಬ್ರೂಯಿಂಗ್ ಪತ್ರಿಕೆಯಲ್ಲಿ! ಬಿಯರ್ ಪಂಡಿತರು ಓದುವ ಪತ್ರಿಕೆ!

ಇನ್ನೊಂದು ಅಚ್ಚರಿ. ಮಾಲ್ಟಿನ ಬೆನ್ನು ಹತ್ತಿದ್ದ ಈ ವಿಜ್ಞಾನಿಗಳು ಅದರಿಂದ ಮಾಡಲು ಹೊರಟದ್ದು ಬಿಯರ್ ಅಲ್ಲ. ಎಳೆಮಕ್ಕಳ ಆಹಾರ!

ಈಗ ಮಡಕಶಿರಾದ ಅಜ್ಜಿಯ ಅಡುಗೆಮನೆಗೆ ಬನ್ನಿ. ಮಗುವಿಗೆ ಸರಿ ಹಿಟ್ಟು ಹೇಗೆ ಮಾಡುತ್ತಾರೆ? ರಾತ್ರಿ ರಾಗಿ ನೆನೆಸು. ಬಟ್ಟೆಯಲ್ಲಿ ಗಂಟು ಕಟ್ಟು. ಬಿಳಿ ಮೊಳಕೆ ಇಣುಕಲಿ. ಬಿಸಿಲಿಗೆ ಹರಡು. ತಿಕ್ಕಿ ಬೇರು ಉದುರಿಸು. ಕೇರು. ಬೀಸು. ತೆಳು ಬಟ್ಟೆಯಲ್ಲಿ ಸೋಸು. ಯುರೋಪಿನ ಮಾಲ್ಟ್ ಕಾರ್ಖಾನೆಯೂ ಬೀಸುವ ತನಕ ಮಾಡುವುದು ಇಷ್ಟನ್ನೇ. ನೆನೆಸುವುದು, ಮೊಳೆಸುವುದು, ಒಣಗಿಸುವುದು, ಬೇರು ತೆಗೆಯುವುದು. ಹೆಜ್ಜೆಗೆ ಹೆಜ್ಜೆ!

ಇದರ ಫಲ ನೋಡಿ! ಮಾಮೂಲಿ ಹಿಟ್ಟಿನ ಗಂಜಿ ಗಟ್ಟಿಯಾದರೆ ಮಗು ನುಂಗದು. ನೀರು ಬೆರೆಸಿದರೆ ಹೊಟ್ಟೆ ತುಂಬೀತು, ಮೈಗೆ ಹತ್ತದು. ಮೊಳಕೆ ಹಿಟ್ಟು ಒಂದು ಚಮಚ ಸಾಕು, ಗಟ್ಟಿ ಗಂಜಿ ಕಣ್ಣೆದುರೇ ನೀರಾಗುತ್ತದೆ! ಹಿಟ್ಟು ಅಷ್ಟೇ, ಶಕ್ತಿ ಅಷ್ಟೇ, ಗಟ್ಟಿತನ ಮಾತ್ರ ಮಾಯ! ಬರೋಡಾದಲ್ಲಿ ತಾರಾ ಗೋಪಾಲದಾಸ್, ತಾಂಜಾನಿಯಾದಲ್ಲಿ ಅಲ್ಲಿನ ಆಹಾರ ತಜ್ಞರು 1980ರ ದಶಕದಲ್ಲಿ ಮಕ್ಕಳ ಅಪೌಷ್ಟಿಕತೆಯ ವಿರುದ್ಧ ಹಿಡಿದ ಅಸ್ತ್ರವೂ ಇದೇ, ಮೊಳಕೆ ಹಿಟ್ಟು!

ಹಾಗಾದರೆ ರಾಗಿಯಿಂದ ಬಿಯರ್ ಮಾಡಿದವರೇ ಇಲ್ಲವೇ? ಇದ್ದಾರೆ! ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದಲ್ಲಿ. ಉಗಾಂಡದ ತೆಸೊ ಸೀಮೆಯಲ್ಲಿ ರಾಗಿ ಮೊಳಕೆ ಸೇರಿಸಿ ಮಾಡಿದ ‘ಅಜೋನ್’ ಗಡಿಗೆಯ ಸುತ್ತ ಜನ ಕುಳಿತು ಉದ್ದುದ್ದ ನಳಿಕೆಗಳಲ್ಲಿ ಹೀರುತ್ತಾರೆ. ನೇಪಾಳ, ಸಿಕ್ಕಿಂಗಳಲ್ಲಿ ‘ತೊಂಗ್ಬಾ’ಕ್ಕೂ ರಾಗಿಯೇ ಬೇಕು. ಬಿಸಿನೀರು ಹೊಯ್ದು ಬಿದಿರಿನ ನಳಿಕೆಯಲ್ಲಿ ಹೀರುವುದು. ತಮಾಷೆ ಏನೆಂದರೆ, ಅಲ್ಲಿ ಮೊಳಕೆಯೇ ಇಲ್ಲ! ಪಿಷ್ಟ ಕತ್ತರಿಸುವ ಕೆಲಸ ‘ಮರ್ಚಾ’ ಎಂಬ ಬಿಲ್ಲೆಯಲ್ಲಿರುವ ಬೂಷ್ಟಿನದು!

ಇಷ್ಟೆಲ್ಲ ಇದ್ದೂ ಬ್ರೂವರಿಗಳು ಬಾರ್ಲಿಗೇ ಯಾಕೆ ಜೋತು ಬಿದ್ದಿವೆ? ಎರಡು ಕಾರಣ. ಒಂದು, ಸಿಪ್ಪೆ. ಬಾರ್ಲಿಯ ಸಿಪ್ಪೆಯೇ ಹಂಡೆಯ ತಳದಲ್ಲಿ ಜರಡಿಯಾಗಿ ನಿಂತು ರಸವನ್ನು ಸೋಸಿಕೊಡುತ್ತದೆ. ರಾಗಿಗೆ ಆ ಸಿಪ್ಪೆ ಇಲ್ಲ! ಎರಡು, ಶಾಖ. ಬಾರ್ಲಿಯ ಪಿಷ್ಟ 60 ಡಿಗ್ರಿ ಆಸುಪಾಸಿನಲ್ಲೇ ಅರಳುತ್ತದೆ, ಕತ್ತರಿಗಳಿಗೂ ಅದೇ ಹದ. ರಾಗಿ ಪಿಷ್ಟಕ್ಕೆ ಇನ್ನೂ ಬಿಸಿ ಬೇಕು. ಆದರೆ 70 ಡಿಗ್ರಿ ಹತ್ತಿರ ಬಂತೆಂದರೆ ಬೀಟಾ ಕತ್ತರಿಯ ಕಥೆ ಮುಗಿಯಿತು! ಉಪಾಯವೂ ಉಂಟು. ಕಿಣ್ವ ಇಳಿದ ನೀರನ್ನು ಮೊದಲೇ ಬಸಿದಿಟ್ಟುಕೊಂಡು, ಹಿಟ್ಟನ್ನು ಬೇಯಿಸಿ, ಆರಿಸಿ, ಮತ್ತೆ ಕೂಡಿಸುವುದು. ಕೆಲಸ ಇಮ್ಮಡಿ!

ಆದ್ದರಿಂದ ನನ್ನ ತೀರ್ಪು ಇದು. ಮಾಮೂಲಿ ಬಿಯರಿಗೆ ಬಾರ್ಲಿಯೇ ಬುನಾದಿ, ರಾಗಿ ಜೊತೆಗಾರ. ಬೆಂಗಳೂರಿನ ಕೆಲವು ಬ್ರೂಪಬ್‌ಗಳು ರಾಗಿ ಬಿಯರನ್ನು ಆಗಲೇ ಲೋಟಕ್ಕೆ ಇಳಿಸಿವೆ. ಆದರೆ ಗ್ಲುಟೆನ್ ಇಲ್ಲದ ಬಿಯರ್ ಬೇಕೇ? ಬಾರ್ಲಿಗೆ ಆ ಪಂದ್ಯ ಕಷ್ಟ. ಅಲ್ಲಿ ರಾಗಿಯದೇ ಕಣ!

ಕೊನೆಗೊಂದು ಪಂಥ, ನಿಮಗೇ! ಬಿಯರ್ ಮಾಡಲು ಲೈಸೆನ್ಸ್ ಬೇಕು, ಗಂಜಿಗೆ ಬೇಡ. ರಾಗಿ ಗಂಜಿ ಗಟ್ಟಿಯಾಗಿ ಕಾಯಿಸಿ. 60 ಡಿಗ್ರಿಗೆ ಇಳಿಯಲಿ. ಹುರಿಯದ ಮೊಳಕೆ ರಾಗಿ ಹಿಟ್ಟು ಒಂದು ಚಮಚ ಹಾಕಿ ಕಲಕಿ. ಹತ್ತು ನಿಮಿಷ ಕಾಯಿರಿ. ನೀರಾಯಿತೇ? ನಿಮ್ಮ ಮಾಲ್ಟ್ ಜೀವಂತ! ಗಟ್ಟಿಯಾಗೇ ಉಳಿಯಿತೇ? ಒಂದೋ ಅದು ಮೊಳೆತಿಲ್ಲ, ಇಲ್ಲವೇ ಜೋರಾಗಿ ಹುರಿದು ಕಿಣ್ವ ಕೊಂದಿದ್ದಾರೆ. ಅಂಗಡಿಯ ಪೊಟ್ಟಣವನ್ನೂ ಹೀಗೇ ಪರೀಕ್ಷಿಸಿ. ಕುಡಿಯುವ ಮುನ್ನ ಇನ್ನೊಂದು ಕುದಿ ಬರಿಸುವುದನ್ನು ಮಾತ್ರ ಮರೆಯಬೇಡಿ!