ಬಚ್ಚಲ ನೀರಿಗೆ ಅರಳುವ ಕಾಬಾಳೆ

ವೈಶಾಖದ ಬಿಸಿಲಿಗೆ ನಮ್ಮ ಜತ್ತ ಸೀಮೆಯ ಎರೆಹೊಲಗಳು ಬಿರುಕುಬಿಟ್ಟಿರುವಾಗಲೂ ಹಿತ್ತಲಲ್ಲಿ ಆಳೆತ್ತರಕ್ಕೆ ನಿಂತು ಕೆಂಪು, ಹಳದಿ, ಕಿತ್ತಳೆ ಬಣ್ಣದ ಹೂಗಳನ್ನು ತಳೆಯುವ ಗಿಡವೊಂದುಂಟು. ಅದುವೇ ಕಾಬಾಳೆ. ನಮ್ಮ ಶಾಲೆಯ ಮಕ್ಕಳನ್ನು ಕೇಳಿದರೆ ಹೆಚ್ಚಿನವರು ಮರಾಠಿಯ ‘ಕರ್ದಳ’ ಎಂಬ ಹೆಸರನ್ನೇ ಹೇಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕನ್ನಡದ ಹೆಸರೂ ಉಳಿಯಲೆಂದು ಎರಡನ್ನೂ ಹಲಗೆಯ ಮೇಲೆ ಬರೆಸುತ್ತೇವೆ.

ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞನು 1753ರಲ್ಲಿ ಇದನ್ನು ‘ಕ್ಯಾನಾ ಇಂಡಿಕಾ’ ಎಂದು ಕರೆದನು. ಹೆಸರು ಹೀಗಿದ್ದರೂ ಇದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ನಾವು ದಳಗಳೆಂದು ಮೆಚ್ಚುವ ಭಾಗವೂ ದಳವಲ್ಲ, ಅಗಲಗೊಂಡು ಬಣ್ಣ ತಳೆದ ಕೇಸರಗಳು. ನಿಜವಾದ ದಳಗಳು ಅವುಗಳ ಬುಡದಲ್ಲಿ ಕಿರಿದಾಗಿ ಮರೆಯಾಗಿರುತ್ತವೆ. ಹೂವಿನ ಭಾಗಗಳ ಪಾಠಕ್ಕೆ ದಾಸವಾಳವೇ ಲೇಸು. ಕಾಬಾಳೆಯನ್ನು ತಂದ ದಿನ ಮಕ್ಕಳ ಪ್ರಶ್ನೆಗಳಿಗೆ ನಾವೇ ತಡವರಿಸಿದೆವು.

ಈ ಗಿಡದ ದೆಸೆಯಿಂದ ನಮ್ಮ ಮನೆಯಲ್ಲಿ ಒಮ್ಮೆ ಮನಸ್ತಾಪವೂ ಆಯಿತು. ಟ್ಯಾಂಕರಿನ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದ ಬೇಸಿಗೆಯದು. ನಾವು ಸಂಜೆಗೆ ಎರಡು ಕೊಡ ನೀರನ್ನು ಹೂಗಿಡಗಳಿಗೆ ಹಾಕುತ್ತಿದ್ದೆವು. ಒಂದು ದಿನ ತಾಯಿಯವರು, “ತಮ್ಮಾ, ಎಮ್ಮಿ ಬಾಯಾರಿ ನಿಂತೈತಿ, ನೀ ಹೂವಿಗೆ ನೀರ ಹಾಕಾಕತ್ತಿ?” ಎಂದರು. ಉತ್ತರವಿರಲಿಲ್ಲ. ಅಂದಿನಿಂದ ನೀರು ನಿಲ್ಲಿಸಿದೆವು. ವಾರದೊಳಗೆ ಎಲೆಗಳು ಸುರುಳಿಗೊಂಡು ಅಂಚುಗಳು ಒಣಗಿದವು. ಆದರೆ ಬಚ್ಚಲ ಮೋರಿಯ ಬಾಯಲ್ಲಿ, ಹಿಂದಿನ ವರ್ಷ ಬಿಸಾಡಿದ್ದ ಗಡ್ಡೆಯ ತುಂಡಿನಿಂದ ಎದ್ದ ಗಿಡ ಮಾತ್ರ ಹಚ್ಚಗೆ ನಿಂತು ಮೊಗ್ಗು ಬಿಟ್ಟಿತ್ತು. ತರಬೇತಿಯಲ್ಲಿ ಶಾಲಾತೋಟದ ಪಾಠವನ್ನು ಓದಿದ್ದ ನಮಗೆ ಇದು ಮೊದಲೇ ಹೊಳೆಯದೆ ಹೋದುದು ನಾಚಿಕೆಯ ಸಂಗತಿ. ಕಾಬಾಳೆ ಒದ್ದೆ ನೆಲವನ್ನು ಸಹಿಸುವ ಗಿಡ; ಬಳಸಿದ ನೀರನ್ನು ಶುದ್ಧಗೊಳಿಸುವ ಜೌಗುಹೊಂಡಗಳಲ್ಲಿಯೂ ಇದನ್ನು ಬೆಳೆಸುವುದುಂಟು.

ಆ ಮೇಲೆ ಮೋರಿಯ ಪಕ್ಕದಲ್ಲಿಯೇ ಮಡಿ ಮಾಡಿದೆವು. ಒಂದೂವರೆ ಅಡಿ ಆಳ ಅಗೆದು, ಎರೆಮಣ್ಣು ಬಿಗಿಯದಂತೆ ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಬೇಕು. ಮೋರಿಯ ಬಾಯಲ್ಲಿ ಇಟ್ಟಿಗೆ ಚೂರುಗಳನ್ನು ತುಂಬಿದರೆ ನೀರು ನಿಲ್ಲದೆ ಇಂಗುತ್ತದೆ, ಸೊಳ್ಳೆಯ ಕಾಟ ತಪ್ಪುತ್ತದೆ. ಎರಡು ಕಣ್ಣುಳ್ಳ ಗಡ್ಡೆಯ ತುಂಡುಗಳನ್ನು ಮೂರು ಅಂಗುಲ ಆಳದಲ್ಲಿ, ಒಂದೂವರೆಯಿಂದ ಎರಡು ಅಡಿ ಅಂತರದಲ್ಲಿ ನೆಡಬೇಕು. ಮಾಘದಲ್ಲಿ ನೆಟ್ಟರೆ ವೈಶಾಖದ ಹೊತ್ತಿಗೆ ಹೂವನ್ನು ಕಾಣಬಹುದು. ಮೊದಲ ವರ್ಷ ಬಟ್ಟೆ ಒಗೆದ ಸೋಡಾ ನೀರನ್ನೂ ಹರಿಯಬಿಟ್ಟು ಎಲೆ ಸುಟ್ಟುಕೊಂಡೆವು. ಈಗ ಸ್ನಾನದ ನೀರು, ಅಕ್ಕಿ ಕಾಳು ತೊಳೆದ ನೀರು ಮಾತ್ರ.

ಹೂಗೊಂಚಲು ಮುಗಿದ ದಂಟನ್ನು ಬುಡಕ್ಕೆ ಕೊಯ್ದುಬಿಡಬೇಕು. ಪಕ್ಕದಿಂದ ಹೊಸ ದಂಟು ಏಳುತ್ತದೆ. ಎಲೆಯನ್ನು ಸುರುಳಿ ಸುತ್ತಿ ಒಳಗೆ ಕುಳಿತ ಹುಳುವನ್ನು ಮಕ್ಕಳು ಕೈಯಿಂದಲೇ ತೆಗೆಯುತ್ತಾರೆ. ಎಲೆಯಲ್ಲಿ ಹಳದಿ ಗೆರೆಗಳು ಮೂಡಿದ ಗಿಡವನ್ನು ಮಾತ್ರ ಉಳಿಸಬಾರದು. ಅದು ನಂಜುರೋಗವಾಗಿರಬಹುದು, ಗಡ್ಡೆಯ ಮೂಲಕ ಹಬ್ಬುತ್ತದೆ. ಎಷ್ಟೇ ಚೆಂದದ ಹೂವಿದ್ದರೂ ಅಂಥ ಗಿಡದ ತುಂಡನ್ನು ಯಾರಿಂದಲೂ ತರಬೇಡಿ. ಬೀಜದಿಂದಲೂ ಬೆಳೆಸಬಹುದು. ಗುಂಡಾದ ಕರಿಯ ಬೀಜ ಕಲ್ಲಿನಷ್ಟು ಗಟ್ಟಿ. ಸಾಣೆಕಲ್ಲಿಗೆ ಉಜ್ಜಿ ಒಂದು ದಿನ ನೆನೆಯಿಟ್ಟು ಬಿತ್ತಬೇಕು. ಬೆರಕೆ ತಳಿಗಳಾದರೆ ತಾಯಿಗಿಡದ ಬಣ್ಣವೇ ಬಂದೀತೆಂಬ ಭರವಸೆಯಿಲ್ಲ.

ಕಳೆದ ಮಾಘದಲ್ಲಿ ಮಡಿಯನ್ನು ಅಗೆದು ಗಡ್ಡೆಗಳನ್ನು ಬೇರ್ಪಡಿಸಿದಾಗ ಏಳನೆಯ ತರಗತಿಯ ಮಕ್ಕಳು ತಮ್ಮ ಮನೆಯ ಮೋರಿಗಳಿಗೆಂದು ಒಂದೊಂದು ತುಂಡು ಒಯ್ದರು. ತಾಯಿಯವರೂ ಈಗ ಸೋಮವಾರ ಶಿವನಿಗೆ ಕೆಂಪು ಹೂ ಕೊಯ್ಯುತ್ತಾರೆ. ಎಮ್ಮೆಯ ಬಾನಿಯ ಹತ್ತಿರ ಮಾತ್ರ ನಮ್ಮನ್ನು ಕೊಡ ಹಿಡಿದು ಸುಳಿಯಗೊಡುವುದಿಲ್ಲ.