ಬಡಿತ ತಿದ್ದುವ ಮಾತ್ರೆಯೇ ಬಡಿತ ಕೆಡಿಸಿದಾಗ

ಹೃದಯಾಘಾತದಿಂದ ಪಾರಾದವರಲ್ಲಿ ಆಗಾಗ ಹೆಚ್ಚುವರಿ ಬಡಿತಗಳು ಕಾಣಿಸಿಕೊಳ್ಳುತ್ತವೆ. ಅವನ್ನು ಅಡಗಿಸಿದರೆ ಹಠಾತ್ ಸಾವು ತಪ್ಪೀತು ಎಂದು 1980ರ ದಶಕದ ವೈದ್ಯರು ನಂಬಿದ್ದರು. ಅಮೆರಿಕದ ನೇತೃತ್ವದಲ್ಲಿ ನಡೆದ 'ಕಾಸ್ಟ್' ಪ್ರಯೋಗ ಆ ನಂಬಿಕೆಯನ್ನು ಬುಡಮೇಲು ಮಾಡಿತು. 1991ರ ವರದಿಯ ಪ್ರಕಾರ, ಬಡಿತ ತಿದ್ದುವ ಫ್ಲೆಕೈನೈಡ್ ಅಥವಾ ಎನ್‌ಕೈನೈಡ್ ನುಂಗಿದ 755 ಮಂದಿಯಲ್ಲಿ 63 ಮಂದಿ ಸತ್ತಿದ್ದರು. ಹುಸಿ ಮಾತ್ರೆ ನುಂಗಿದ 743 ಮಂದಿಯಲ್ಲಿ 26. ಇಂದು ಫ್ಲೆಕೈನೈಡನ್ನು ಹೃದಯಾಘಾತವಾದವರಿಗೆ ಕೊಡುವುದಿಲ್ಲ.

ಬಡಿತ ತಿದ್ದುವ ಸೊಟಲಾಲ್‌ನಂಥ ಮಾತ್ರೆಗಳ ಅಪಾಯ ಬೇರೆ ಬಗೆಯದು. ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಹರಿದು, ಅವು ಮುಂದಿನ ಬಡಿತಕ್ಕೆ ಅಣಿಯಾಗುತ್ತವೆ. ಈ ಮಾತ್ರೆಗಳು ಆ ಹರಿವನ್ನು ತಡೆದು, ಕೋಶಗಳು ಅಣಿಯಾಗುವ ಈ ವಿರಾಮವನ್ನು ಹಿಗ್ಗಿಸುತ್ತವೆ. ಅಡ್ಡಾದಿಡ್ಡಿ ಬಡಿತಕ್ಕೆ ಕಡಿವಾಣ ಬೀಳುವುದು ಹೀಗೆಯೇ. ಆದರೆ ವಿರಾಮ ಮಿತಿಮೀರಿದರೆ ಕೋಶಗಳು ಅಣಿಯಾಗುವ ಮೊದಲೇ ಹೊಸ ಕಿಡಿ ಹೊತ್ತಬಹುದು. ಆಗ ಇಸಿಜಿಯ ಗೆರೆ ಹುರಿ ಹೊಸೆದಂತೆ ತಿರುಚಿಕೊಳ್ಳುತ್ತದೆ. ಫ್ರಾನ್ಸಿನ ವೈದ್ಯ ದೆಸರ್ತೆನ್ 1966ರಲ್ಲಿ ಇದನ್ನು 'ತೊರ್ಸಾದ್ ದ ಪ್ವಾಂತ್' ಎಂದು ಕರೆದರು. ರೋಗಿ ಎಚ್ಚರ ತಪ್ಪಬಹುದು; ಬಡಿತ ತಾನಾಗಿ ಸರಿಹೋಗದಿದ್ದರೆ ಪ್ರಾಣಕ್ಕೇ ಕುತ್ತು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಮೆಗ್ನೀಸಿಯಂ ಕೊಟ್ಟು ಇದನ್ನು ಹತೋಟಿಗೆ ತರುತ್ತಾರೆ.

ಇದು ಅಪರೂಪ, ಆದರೆ ಕಾರಣವಿಲ್ಲದೆ ಬರುವುದು ಕಡಿಮೆ. ಮೂತ್ರಪಿಂಡ ದುರ್ಬಲವಾದರೆ ಸೊಟಲಾಲ್ ಮೈಯಲ್ಲೇ ಉಳಿಯುತ್ತದೆ. ಹೆಂಗಸರಲ್ಲಿ ಅಪಾಯ ಹೆಚ್ಚು. ವಾಂತಿ-ಭೇದಿಯಾದರೆ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದರೆ ರಕ್ತದಲ್ಲಿನ ಪೊಟ್ಯಾಸಿಯಂ ಇಳಿದು ಅಪಾಯ ಏರಬಹುದು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಎಷ್ಟೋ ಹೃದ್ರೋಗಿಗಳು ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ತಜ್ಞರಿಗೆ ತೋರಿಸಿಕೊಂಡು ಬರುತ್ತಾರೆ. ಜ್ವರ, ಭೇದಿ ಬಂದಾಗ ಮಾತ್ರ ಊರಿನ ಮೆಡಿಕಲ್ ಶಾಪೇ ಗತಿ. ತೊಡಕು ಇರುವುದು ಇಲ್ಲಿಯೇ. ಕೆಮ್ಮು-ಜ್ವರಕ್ಕೆ ಕೊಡುವ ಅಜಿತ್ರೊಮೈಸಿನ್, ವಾಂತಿ ನಿಲ್ಲಿಸುವ ಆಂಡಾನ್‌ಸೆಟ್ರಾನ್ ಕೂಡ ಅದೇ ವಿರಾಮವನ್ನು ಹಿಗ್ಗಿಸುತ್ತವೆ. ವಾಂತಿಯಿಂದ ಪೊಟ್ಯಾಸಿಯಂ ಇಳಿದವರಿಗೆ ಇದು ಇಮ್ಮಡಿ ಪೆಟ್ಟು.

ಹಾಗೆಂದು ಹೆದರಿ ಹೃದಯದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂಲ ರೋಗವೇ ಮರುಕಳಿಸೀತು. ತಜ್ಞರು ಬರೆದುಕೊಟ್ಟ ಚೀಟಿ ಸದಾ ಜೊತೆಗಿರಲಿ. ಬೇರೆ ಯಾವ ಗುಳಿಗೆ ಕೊಳ್ಳುವಾಗಲೂ ಅದನ್ನು ಮೊದಲು ತೋರಿಸಿ. ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ ನಿಶ್ಶಕ್ತಿ ಎಂದು ಸುಮ್ಮನಾಗದೆ, ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿಕೊಳ್ಳಿ.